ಅಮ್ಮ ಅರ್ಧಕ್ಕೆ ನಿಲ್ಲಿಸಿದ ಕೊರಿಯಾದ ಕಾದಂಬರಿ

ನಮ್ಮ ಪಂಚಾಯತು ಗ್ರಂಥಾಲಯದ ಬಾಗಿಲಿಗೆ ಒಂದು ಕೆಟ್ಟ ಚಾಳಿ. ಸ್ವಲ್ಪ ಗಾಳಿ ಬೀಸಿದರೆ ಸಾಕು, ಯಾರ ಮೇಲೋ ಸಿಟ್ಟು ಬಂದಂತೆ ದಢಾರನೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅಡ್ಡ ಒಂದು ಕಲ್ಲು ಇಡಬಹುದಿತ್ತು. ಆದರೆ ಕಲ್ಲು ತರಲು ಅಂಗಳಕ್ಕಿಳಿಯಬೇಕು, ಪುಸ್ತಕ ಕೈಗೆಟಕುವಲ್ಲೇ ಇತ್ತು. ಹೀಗಾಗಿ ಯಾವುದೋ ಕಟ್ಟಿನಲ್ಲಿ ಬಂದು, ವರ್ಷಗಟ್ಟಲೆ ಯಾರೂ ಮುಟ್ಟದೆ ಕುಳಿತಿದ್ದ, ಕನ್ನಡಕ್ಕೆ ಅನುವಾದವಾದ ಕೊರಿಯಾದ ಒಂದು ದಪ್ಪ ಕಾದಂಬರಿ ಬಾಗಿಲ ಸಂದಿಗೆ ಹೋಯಿತು. ಗ್ರಂಥಾಲಯ ನೋಡಿಕೊಳ್ಳುವವಳೇ ಪುಸ್ತಕವನ್ನು ಹೀಗೆ ನಡೆಸಿಕೊಳ್ಳುವುದೇ ಎಂದು ನೀವು ಹುಬ್ಬೇರಿಸಬೇಡಿ. ದಪ್ಪ ಪುಸ್ತಕವೆಂದರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಭಕ್ತಿ ಹೆಚ್ಚಾದಲ್ಲಿ ಓದು ಕಡಿಮೆ.

ಆ ಪುಸ್ತಕವನ್ನು ಬಾಗಿಲಿನಿಂದ ಬಿಡಿಸಿದವರು ಹಸನಬ್ಬ ಹಾಜಿಯವರು. ಜೀವಮಾನದ ಒಳ್ಳೆಯ ಭಾಗವನ್ನೆಲ್ಲ ಸೌದಿಯ ದಮ್ಮಾಮಿನಲ್ಲಿ ಒಂದು ಸಿಮೆಂಟು ಗೋದಾಮಿಗೆ ಕೊಟ್ಟು, ಮಂಡಿನೋವನ್ನು ಮಾತ್ರ ಊರಿಗೆ ತಂದವರು ಎಂದು ಅವರೇ ಹೇಳಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಬಂದು ಪೇಪರನ್ನು ನಿಧನ ವಾರ್ತೆಯಿಂದ ಶುರುಮಾಡಿ ಹಿಂದುಹಿಂದಕ್ಕೆ ಓದುತ್ತಾರೆ. ಒಂದು ದಿನ ಪೇಪರು ಬರಲಿಲ್ಲ. ಬೇರೆ ಗತಿಯಿಲ್ಲದೆ ಬಾಗಿಲ ಸಂದಿಯ ಪುಸ್ತಕ ಎತ್ತಿ ಧೂಳು ಕೊಡವಿ ಕುಳಿತರು. ಬಾಗಿಲು ದಢಾರನೆ ಹಾಕಿಕೊಂಡಿತು, ಅವರು ತಲೆ ಎತ್ತಲಿಲ್ಲ. ಮನೆಗೂ ಕೊಂಡುಹೋದರು. ಕೆಲವು ದಿನ ಕಳೆದು ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಟೀಚರೇ, ನೀವು ಇದನ್ನು ಓದಿದ್ದೀರಾ?" ಎಂದರು. ನಾನು ಟೀಚರಲ್ಲ. ಆದರೆ ನಮ್ಮ ಕಡೆ ಪುಸ್ತಕದ ಹತ್ತಿರ ಕುಳಿತ ಹೆಂಗಸರೆಲ್ಲ ಟೀಚರೇ.

"ಸ್ವಲ್ಪ ಸ್ವಲ್ಪ" ಎಂದೆ. ಹಿಂದಿನ ರಟ್ಟಿನ ಮೇಲಿದ್ದದ್ದನ್ನು ಓದಿದ್ದೆ, ಅದು ಸುಳ್ಳಲ್ಲ.

"ಪೂರ್ತಿ ಓದಿ ಮಾರಾಯ್ರೆ. ಹೆಸರು ಮಾತ್ರ ಕೊರಿಯಾದ್ದು, ಕತೆ ನಮ್ಮದೇ. ನಿಮ್ಮ ಮನೆಯದ್ದು ಇನ್ನೂ ಜಾಸ್ತಿ ಉಂಟು ಅದರಲ್ಲಿ."

ನಿಮ್ಮ ಮನೆಯದ್ದು ಎಂದು ಅವರು ಹೇಳಲು ಕಾರಣವಿದೆ. ನಾವು ಸಿಲೋನಿನವರು. ಅಂದರೆ ನಾನಲ್ಲ, ನಾನು ಹುಟ್ಟಿದ್ದು ಇಲ್ಲೇ, ಕಡಬದಿಂದ ಒಳಗೆ, ಸರಕಾರಿ ರಬ್ಬರ್ ತೋಟದ ಕಾಲೊನಿಯಲ್ಲಿ. ಅಮ್ಮ ಪಾಕ್ಯಂ ಹುಟ್ಟಿದ್ದು ಅಲ್ಲಿ, ಹಟ್ಟನ್ ಪೇಟೆಯ ಆಚೆಗಿನ ಟೀ ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅವಳ ಅಜ್ಜ ಹುಟ್ಟಿದ್ದು ತಿರುಚ್ಚಿಯ ಕಡೆ. ಅವನನ್ನು ಟೀ ಗಿಡ ನೆಡಲಿಕ್ಕೆಂದು ಸಮುದ್ರ ದಾಟಿಸಿದರು. ಮೂರು ತಲೆಮಾರು ಅಲ್ಲಿ ಎಲೆ ಕೊಯ್ದ ಮೇಲೆ ಎರಡು ಸರಕಾರಗಳು ಕುಳಿತು, ಇವರಲ್ಲಿ ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಎಂದು ಪಾಲು ಮಾಡಿಕೊಂಡವು. ಹೊಸದಾಗಿ ಮದುವೆಯಾಗಿದ್ದ ಅಮ್ಮ ಅಪ್ಪನ ಜೊತೆ ಭಾರತದ ಪಾಲಿಗೆ ಬಂದಳು. ಹಡಗು ಇಳಿದು, ಶಿಬಿರದಲ್ಲಿ ಕಾದು, ರೈಲು, ಲಾರಿ ಹತ್ತಿ, ಕೊನೆಗೆ ಗುಂಡ್ಯದ ಹತ್ತಿರ ಕಾಡಿನ ನಡುವೆ ಇಳಿಸಿದಾಗ, ಅವರ ಕೈಗೆ ಟೀ ಬುಟ್ಟಿಯ ಬದಲು ರಬ್ಬರ್ ಮರ ಗೀರುವ ಕತ್ತಿ ಬಂತು. ಸಿಲೋನಿನಲ್ಲಿ ಇವರನ್ನು ಇಂಡಿಯಾದವರು ಎನ್ನುತ್ತಿದ್ದರು. ಇಂಡಿಯಾಕ್ಕೆ ಬಂದಮೇಲೆ ಸಿಲೋನಿನವರು ಎಂದರು. ಇದರ ಬಗ್ಗೆ ಅಮ್ಮನಿಗೆ ದೊಡ್ಡ ದೂರೇನೂ ಇಲ್ಲ. "ಕರೆಯುದು ಅವರ ಬಾಯಿ, ನಮಗೆಂತ ಖರ್ಚು?" ಎನ್ನುತ್ತಾಳೆ.

ಖರ್ಚು ನಮ್ಮಂಥ ಮಕ್ಕಳಿಗಿತ್ತು. ಶಾಲೆಯಲ್ಲಿ ಹೊಸ ಮಾಸ್ಟ್ರು ಬಂದಾಗಲೆಲ್ಲ ಒಬ್ಬೊಬ್ಬರನ್ನೇ ಎಬ್ಬಿಸಿ ಊರು ಯಾವುದೆಂದು ಕೇಳುತ್ತಿದ್ದರು. ಮಕ್ಕಳು ಇಚಿಲಂಪಾಡಿ, ರಾಮಕುಂಜ ಎಂದು ಠೀವಿಯಿಂದ ಹೇಳಿ ಕುಳಿತುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಹಿಂದಿನ ಬೆಂಚಿನಿಂದ ಯಾರೋ ನನ್ನ ಪರವಾಗಿ "ಸಿಲೋನ್ ಸಾರ್" ಎಂದು ಉತ್ತರ ಕೊಟ್ಟುಬಿಡುತ್ತಿದ್ದರು. ನಾನು ನೋಡಿಯೇ ಇರದ ಊರು ಅದು. ಸೇಡು ತೀರಿಸಿಕೊಳ್ಳಲು ನಮ್ಮ ಹತ್ತಿರ ಒಂದೇ ಅಸ್ತ್ರವಿತ್ತು. ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ಉಳಿದು ಒಣಗಿದ ರಬ್ಬರ್ ಹಾಲಿನ ಎಳೆಗಳನ್ನು ಸುತ್ತಿ ಸುತ್ತಿ ಚೆಂಡು ಮಾಡುತ್ತಿದ್ದೆವು. ಅದು ಪುಟಿಯುವಷ್ಟು ಪೇಟೆಯ ಯಾವ ಚೆಂಡೂ ಪುಟಿಯುತ್ತಿರಲಿಲ್ಲ. ನಾರುತ್ತಿತ್ತು, ನಿಜ. ಆದರೆ ಆಟದ ಹೊತ್ತಿಗೆ ಇಚಿಲಂಪಾಡಿ, ರಾಮಕುಂಜಗಳೆಲ್ಲ ನಮ್ಮ ಹಿಂದೆಯೇ ಓಡಿಬರುತ್ತಿದ್ದವು.

ಅಂದಹಾಗೆ ನಾನು ಪುಸ್ತಕದ ವಿಷಯ ಹೇಳುತ್ತಿದ್ದೆ. ಹಾಜಿಯವರ ಮಾತು ಕೇಳಿ ಅದನ್ನು ಮನೆಗೆ ತಂದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ. ನನಗೆ ಮದುವೆಯಾಗಲಿಲ್ಲ, ಅದೊಂದು ಬೇರೆ ಪ್ರಬಂಧ, ಬರೆಯುವ ಉತ್ಸಾಹ ಸದ್ಯಕ್ಕಿಲ್ಲ. ರಬ್ಬರ್ ಟ್ಯಾಪಿಂಗಿನಿಂದ ನಿವೃತ್ತಳಾದ ಅಮ್ಮನಿಗೆ ಸಂಜೆ ಕಳೆಯುವುದೇ ಕಷ್ಟ. ಕನ್ನಡ ಓದಲು ಬಾರದು. ಟಿ.ವಿ.ಯಲ್ಲಿ ಬರುವ ಅತ್ತೆ ಸೊಸೆಯರು ಅಷ್ಟೊಂದು ಬಂಗಾರ ಹಾಕಿಕೊಂಡು ಅಳುವುದನ್ನು ಅವಳು ನಂಬುವುದಿಲ್ಲ. ಹಾಗಾಗಿ ನಾನು ಒಂದೊಂದು ಪುಟ ಕನ್ನಡದಲ್ಲಿ ಓದಿಕೊಂಡು, ಅವಳಿಗೆ ನಮ್ಮ ಮನೆಯ ತಮಿಳಿನಲ್ಲಿ ಹೇಳತೊಡಗಿದೆ. ನಮ್ಮ ಮನೆಯ ತಮಿಳು ಎಂದರೆ ಅರ್ಧ ತುಳು, ಕಾಲು ಕನ್ನಡ, ಉಳಿದದ್ದು ತಮಿಳು. ತಮಿಳುನಾಡಿನವರು ಕೇಳಿದರೆ ನೀವು ಯಾವ ದೇಶದವರು ಎಂದಾರು.

ಕತೆ ಹೀಗೆ. ಕೊರಿಯಾದ ಬಡವರ ಮನೆಯಲ್ಲಿ ಇಬ್ಬರು ಅಕ್ಕತಂಗಿಯರು. ದೊಡ್ಡವಳು ಗಂಡನ ಜೊತೆ ಹಡಗು ಹತ್ತಿ, ಸಾಗರದಾಚೆಯ ಒಂದು ದ್ವೀಪದ ಕಬ್ಬಿನ ತೋಟಕ್ಕೆ ಕೂಲಿಯಾಗಿ ಹೋಗುತ್ತಾಳೆ. ಅಲ್ಲೂ ಸಾಲು ಮನೆಗಳು. ಅಲ್ಲೂ ಹೆಸರು ಹಿಡಿದು ಕರೆಯುವುದಿಲ್ಲ, ಕೊರಳಿಗೆ ನಂಬರಿನ ತಗಡಿನ ಬಿಲ್ಲೆ. ಒಂದೆರಡು ವರ್ಷ ಕಳೆದು ದೊಡ್ಡವಳು ಊರಿಗೆ ಕಾಗದ ಬರೆಸುತ್ತಾಳೆ: ಇಲ್ಲಿ ಕೆಲಸ ಇದೆ, ಹೊಟ್ಟೆಗೆ ಅನ್ನ ಇದೆ, ನೀನೂ ಬಾ. ಚಿಕ್ಕವಳು ನಂಬಿ ಬರುತ್ತಾಳೆ. ಬಂದು ಪಡುವ ಪಾಡು, ಅವರ ಮಕ್ಕಳು, ಅಜ್ಜಿಯ ಮಾತೇ ಅರ್ಥವಾಗದ ಮೊಮ್ಮಕ್ಕಳು, ಹೀಗೆ ಅದು ದಪ್ಪಗೆ ಬೆಳೆಯುತ್ತದೆ. ಪಾತ್ರಗಳ ಹೆಸರು ನನ್ನ ನಾಲಿಗೆಯಲ್ಲೇ ನಿಲ್ಲಲಿಲ್ಲ. ಅಮ್ಮ ಮೊದಲ ಸಂಜೆಯೇ ದೊಡ್ಡವಳು, ಚಿಕ್ಕವಳು ಎಂದು ನಾಮಕರಣ ಮಾಡಿ ನನ್ನ ಕಷ್ಟ ತಪ್ಪಿಸಿದಳು.

ಅಮ್ಮನಿಗೆ ಕತೆ ಹೇಳುವುದು ಸುಲಭದ ಕೆಲಸವಲ್ಲ. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತು, ವಕೀಲರ ಹಾಗೆ ಪ್ರಶ್ನೆ ಹಾಕುತ್ತಾಳೆ. ಹೆರಿಗೆಯಾದ ಎಷ್ಟು ದಿನಕ್ಕೆ ಕೆಲಸಕ್ಕೆ ಹೋದಳು? ಮಗುವನ್ನು ಯಾರು ನೋಡಿಕೊಂಡರು? ಅವರು ತಿನ್ನುವುದೆಂತ? ಕೋಸಿನ ಎಲೆಗೆ ಉಪ್ಪು ಮೆಣಸು ಹಾಕಿ ಭರಣಿಯಲ್ಲಿ ಹುಳಿ ಬರಿಸುತ್ತಾರೆ ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ. ಮರುದಿನವೇ ಸಂತೆಯಿಂದ ಕೋಸು ಬಂತು. ನಮ್ಮ ಮಾವಿನಮಿಡಿಯ ಭರಣಿಯಲ್ಲಿ ಅದು ಕೆಲವು ದಿನ ಮೌನವಾಗಿದ್ದು, ಆಮೇಲೆ ಇಡೀ ಮನೆಗೆ ತನ್ನ ಇರವನ್ನು ಸಾರತೊಡಗಿತು. ಒಂದು ಕುಪ್ಪಿಯಲ್ಲಿ ಹಾಜಿಯವರಿಗೂ ಕೊಟ್ಟೆ. ಅವರು ಮರುದಿನ ಕುಪ್ಪಿಯನ್ನು ತೊಳೆದು ತಂದು, ಬಹಳ ಮರ್ಯಾದೆಯಿಂದ "ಟೀಚರೇ, ಕತೆ ಓದುದು ಮಾತ್ರ ಸಾಕು ಅಂತ ಕಾಣ್ತದೆ" ಎಂದರು.

ಹೀಗೆ ನಗುನಗುತ್ತ ಅರ್ಧ ಪುಸ್ತಕ ಮುಗಿಯಿತು. ಒಂದು ಸಂಗತಿ ಮಾತ್ರ ನನಗೆ ಆಗಲೇ ಹೊಳೆಯಬೇಕಿತ್ತು. ದೊಡ್ಡವಳು ತಂಗಿಗೆ ಬಾ ಎಂದು ಕಾಗದ ಬರೆಸಿದ ಪುಟವನ್ನು ಅಮ್ಮ ಮತ್ತೆ ಮತ್ತೆ ಹೇಳಿಸಿದಳು. ಎಂತ ಬರೆದಳು, ಹೇಗೆ ಬರೆದಳು, ಯಾರ ಕೈಯಲ್ಲಿ ಬರೆಸಿದಳು. ಮುಂದೆ ಚಿಕ್ಕವಳು ಕಬ್ಬಿನ ಗದ್ದೆಯಲ್ಲಿ ಬಿದ್ದು ಮಗು ಕಳೆದುಕೊಂಡಾಗ, ದೊಡ್ಡವಳು ನಾನೇ ಕರೆಸಿಕೊಂಡು ನಿನ್ನ ಬಾಳು ಹಾಳು ಮಾಡಿದೆ ಎಂದು ಎದೆ ಬಡಿದುಕೊಳ್ಳುವಲ್ಲಿ ಅಮ್ಮ ಹುಣಸೆಹಣ್ಣು ಕೆಳಗಿಟ್ಟಳು.

"ಹಾಗಾದರೆ ಬಾ ಅಂದವಳೂ ಅಳ್ತಾಳೆ" ಎಂದಳು, ತನ್ನಷ್ಟಕ್ಕೆ.

ಕತೆ ಮೆಚ್ಚಿದ ಕೇಳುಗರ ಮಾತು ಎಂದುಕೊಂಡು ನಾನು ಪುಟ ತಿರುಗಿಸಿದೆ.

ಮುಂದಿನ ಅಧ್ಯಾಯದಲ್ಲಿ ಚಿಕ್ಕವಳಿಗೆ ಜ್ವರ ಹಿಡಿಯಿತು. ಬಿಡದ ಜ್ವರ, ತೋಟದ ಡಾಕ್ಟರು ತಲೆ ಅಲ್ಲಾಡಿಸುವಂಥದ್ದು. ಉಳಿದದ್ದು ನಾಳೆ ಎಂದು ಪುಸ್ತಕ ಮುಚ್ಚಿದೆ. ಮರುದಿನ ಗ್ರಂಥಾಲಯದಿಂದ ಬರುವಾಗ ಅಮ್ಮ ಮಿಂದು, ಹಣೆಗೆ ವಿಭೂತಿ ಹಚ್ಚಿ ಕುಳಿತಿದ್ದಳು.

"ಎಂತ ವಿಶೇಷ?" ಎಂದೆ.

"ಮಾರಿಯಮ್ಮನ ಗುಡಿಗೆ ಹೋಗಿ ಬಂದೆ. ಹರಕೆ ಹೇಳಿದ್ದೇನೆ. ಚಿಕ್ಕವಳು ಎದ್ದು ಕೂತರೆ ಆಟಿ ತಿಂಗಳಲ್ಲಿ ಇಡೀ ಕಾಲೊನಿಗೆ ಅಂಬಲಿ ನಂದು."

ನಾನು ನಕ್ಕೆ. ಈಗ ಅದನ್ನು ನೆನೆದರೆ ಸಂಕಟವಾಗುತ್ತದೆ, ಆಗ ಹೊಟ್ಟೆ ಹಿಡಿದು ನಕ್ಕೆ. ಕೊರಿಯಾದ ಕಾದಂಬರಿಯ ಹೆಂಗಸಿಗಾಗಿ ಕಡಬದ ಮಾರಿಯಮ್ಮನಿಗೆ ಹರಕೆ ಹೇಳಿದವರು ಲೋಕದಲ್ಲಿ ಅಮ್ಮ ಒಬ್ಬಳೇ ಇರಬೇಕು.

"ಅಮ್ಮ, ಅವಳು ಬದುಕುದಾ ಸಾಯುದಾ ಅಂತ ಆಗಲೇ ಅಚ್ಚಾಗಿಬಿಟ್ಟಿದೆ. ಇನ್ನು ಮಾರಿಯಮ್ಮನೂ ಎಂತ ಮಾಡುವ ಹಾಗಿಲ್ಲ. ಪುಟ ತಿರುಗಿಸಿದರೆ ಗೊತ್ತಾಗ್ತದೆ" ಎಂದು ಪುಸ್ತಕ ತೆರೆದೆ.

ಅಮ್ಮ ಕೈಯನ್ನು ಪುಟದ ಮೇಲೆ ಇಟ್ಟಳು. ವರ್ಷಾನುಗಟ್ಟಲೆ ಕತ್ತಿ ಹಿಡಿದು ಬೆರಳು ಸೊಟ್ಟಗಾದ ಕೈ.

"ತಿರುಗಿಸಬೇಡ. ಇಷ್ಟೇ ಸಾಕು."

"ಮತ್ತೆ ಅವಳಿಗೆ ಎಂತಾಯ್ತು ಅಂತ ಗೊತ್ತಾಗುದು ಹೇಗೆ?"

"ಗೊತ್ತಾಗುದು ಬೇಡ. ಓದದಿದ್ದರೆ ಅವಳು ಸಾಯುದಿಲ್ಲ. ಜ್ವರದಲ್ಲೇ ಇರ್ತಾಳೆ, ಆದರೆ ಇರ್ತಾಳೆ" ಎಂದಳು. ಆಮೇಲೆ, "ನಾನು ಸೆಲ್ಲಮ್ಮಕ್ಕನನ್ನೂ ಹಾಗೇ ಇಟ್ಟುಕೊಂಡಿದ್ದೇನೆ" ಎಂದಳು.

ಸೆಲ್ಲಮ್ಮ ಎಂದರೆ ಅಮ್ಮನ ಅಕ್ಕ, ನನಗೆ ಪೆರಿಯಮ್ಮ. ಅಂಥವಳೊಬ್ಬಳು ಸಿಲೋನಿನಲ್ಲಿ ಉಳಿದಿದ್ದಳು ಎಂಬುದು ನನಗೆ ಗೊತ್ತಿತ್ತು, ಅಷ್ಟೇ. ನಮ್ಮ ಕಾಲೊನಿಯಲ್ಲಿ ಪ್ರತಿ ಮನೆಗೂ ಅಲ್ಲಿ ಒಬ್ಬರು ಉಳಿದಿದ್ದರು. ಉಳಿದವರ ಬಗ್ಗೆ ಮಕ್ಕಳು ಕೇಳುತ್ತಿರಲಿಲ್ಲ, ದೊಡ್ಡವರು ಹೇಳುತ್ತಿರಲಿಲ್ಲ.

ಆ ಸಂಜೆ ಅಮ್ಮ ಹೇಳಿದಳು. ಭಾರತಕ್ಕೆ ಹೋಗುವವರನ್ನು ಹಟ್ಟನ್ ಸ್ಟೇಷನ್ನಿನಿಂದ ಹಡಗುಕಟ್ಟೆಗೆ ಒಯ್ಯುವ ರೈಲಿಗೆ ಅಲ್ಲಿನವರು ಅಳುವ ರೈಲು ಎಂದೇ ಹೆಸರಿಟ್ಟಿದ್ದರಂತೆ. ಹತ್ತಿದವರೂ ಅಳುವುದು, ಬಿಡಲು ಬಂದವರೂ ಅಳುವುದು, ಗಾರ್ಡು ಎಷ್ಟು ಸೀಟಿ ಊದಿದರೂ ಕಿಟಕಿಯಿಂದ ಕೈ ಬಿಡಿಸುವವರಿಲ್ಲ. ಸೆಲ್ಲಮ್ಮನ ಗಂಡ ಭಾರತಕ್ಕೆ ಹೋಗಲು ಇನ್ನೂ ಅರ್ಜಿ ಹಾಕಿರಲಿಲ್ಲ. ನೀನು ಹೋಗಿ ನೋಡು, ಹೇಗುಂಟು ಅಂತ ಬರೆಸು, ನಾವೂ ಆಮೇಲೆ ಬರ್ತೇವೆ ಎಂದು ಕಿಟಕಿಯಲ್ಲಿ ಮಾತಾಗಿತ್ತು.

ಬಂದು ನೋಡಿದರೆ ಇಲ್ಲಿ ಕಾಡು. ಕಾಲಿಟ್ಟಲ್ಲಿ ಜಿಗಣೆ, ಬಾಯಿ ಬಿಟ್ಟರೆ ಅರ್ಥವಾಗದ ಭಾಷೆ, ಟೀ ಎಲೆ ಕೊಯ್ದ ಬೆರಳಿಗೆ ಒಗ್ಗದ ರಬ್ಬರ್ ಕತ್ತಿ. ಒಂದು ವರ್ಷ ಕಳೆದ ಮೇಲೆ ಅಕ್ಕನಿಂದ ಕಾಗದ ಬಂತು, ನಾವು ಹೊರಡುದಾ ಎಂದು. ಅಮ್ಮ ಪಕ್ಕದ ಮನೆಯವನಿಂದ ಉತ್ತರ ಬರೆಸಿದಳು. ಇಲ್ಲಿ ಬರೀ ಜಿಗಣೆ, ಕಾಡು, ಕಷ್ಟ. ಬರಬೇಡ.

ಆಮೇಲೆ ಇಬ್ಬರ ಕಾಗದವೂ ನಿಂತಿತು. ಮುಂದೆ ಕೆಲವು ವರ್ಷಗಳಲ್ಲಿ ಸಿಲೋನಿನಲ್ಲಿ ಗಲಾಟೆ ಎದ್ದಿತು. ತಮಿಳರ ಅಂಗಡಿ, ಲೈನ್ ಮನೆಗಳಿಗೆ ಬೆಂಕಿ ಬಿದ್ದ ಸುದ್ದಿ ರೇಡಿಯೋದಲ್ಲಿ ಬರುತ್ತಿತ್ತು. ಇಡೀ ಕಾಲೊನಿ ಒಂದು ರೇಡಿಯೋದ ಸುತ್ತ ಕುಳಿತರೆ, ಅಮ್ಮ ಕೊಡ ಹಿಡಿದು ಬಾವಿಗೆ ಹೋಗುತ್ತಿದ್ದಳು. ಇದು ನನಗೆ ಚೆನ್ನಾಗಿ ನೆನಪಿದೆ, ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ತುಂಬಿಸುತ್ತಿದ್ದುದೂ ನೆನಪಿದೆ. ಹಡಗಿನಿಂದ ಹೊಸ ಮನೆಯವರು ಕಾಲೊನಿಗೆ ಬಂದಾಗ ಉಳಿದ ಹೆಂಗಸರು ನಮ್ಮವರನ್ನು ಕಂಡಿರಾ ಎಂದು ಓಡಿಹೋಗಿ ಕೇಳುತ್ತಿದ್ದರು. ಅಮ್ಮ ಸೌದೆಗೆಂದು ಕಾಡಿನ ಕಡೆ ಹೋಗುತ್ತಿದ್ದಳು. ಅಮ್ಮ ಒರಟು ಹೆಂಗಸು, ಯಾರ ಹಂಗೂ ಬೇಡದವಳು ಎಂದು ನಾವೆಲ್ಲ ತಿಳಿದಿದ್ದೆವು. ನಾನಂತೂ ದೊಡ್ಡವಳಾದ ಮೇಲೂ ಹಾಗೆಯೇ ತಿಳಿದಿದ್ದೆ.

"ನಾನು ಬಾ ಅಂತ ಹೇಳಿದ್ದರೆ ಅವಳು ಆ ಬೆಂಕಿಯಲ್ಲಿ ಇರ್ತಿರಲಿಲ್ಲ" ಎಂದಳು ಅಮ್ಮ. "ಕೇಳಿದರೆ ಯಾರಾದರೂ ಹೇಳ್ತಾರೆ. ಸತ್ತಳು ಅಂದರೆ ನಾನು ಎಂತ ಮಾಡ್ಲಿ? ಕೇಳದಿದ್ದರೆ ಇದ್ದಾಳೆ."

ನಾನು ಪುಸ್ತಕ ಮುಚ್ಚಿ ಒಳಗಿಟ್ಟೆ. ಅಮ್ಮ ಮಲಗಿದ ಮೇಲೆ ಮುಂದಿನ ಅಧ್ಯಾಯವನ್ನು ಕದ್ದು ಓದಿದೆನೆಂದು ಒಪ್ಪಿಕೊಳ್ಳುತ್ತೇನೆ. ಚಿಕ್ಕವಳಿಗೆ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾಲೊನಿಯಲ್ಲಿ ಯಾರಾದರೂ ಇದನ್ನು ಅಮ್ಮನಿಗೆ ಓದಿ ಹೇಳಿಬಿಟ್ಟಾರು.

ಹುಡುಕೋಣ ಎಂದು ನಾನು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಈ ಕಾಲದಲ್ಲಿ ಅದೇನು ದೊಡ್ಡ ಕೆಲಸವಲ್ಲ, ಫೋನಿನಲ್ಲೇ ಲೋಕ ಸುತ್ತಬಹುದು ಎಂದೆ. "ಲೋಕ ಸುತ್ತು, ಅಲ್ಲಿಗೆ ಹೋಗಬೇಡ" ಎಂದಳು. ನಾನು ಹಟ ಹಿಡಿಯುವುದು, ಅವಳು ಬಾವಿಯ ಕಡೆ ನಡೆಯುವುದು. ಈಗ ಬಾವಿಯಿಂದ ನೀರು ಸೇದುವವರಿಲ್ಲ, ಮನೆಯಲ್ಲೇ ನಳ ಉಂಟು. ಆದರೂ ಬಾವಿಕಟ್ಟೆಗೆ ಹೋಗಿ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಜೋರು ಮಳೆಯ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮ ಕಾಲೊನಿಯ ಮಾರಿಯಮ್ಮನಿಗೆ ರಾಗಿ ಅಂಬಲಿ ಕಾಯಿಸಿ, ಬೆಲ್ಲ, ನೀರುಳ್ಳಿ, ಹಸಿಮೆಣಸಿನ ಜೊತೆ ಎಲ್ಲರಿಗೂ ಬಡಿಸುತ್ತಾರೆ. ಯಾರ ಹರಕೆ ಇದೆಯೋ ಆ ದಿನದ ಅಂಬಲಿ ಅವರದ್ದು. ಅಮ್ಮ ಒಂದು ಬೆಳಿಗ್ಗೆ ರಾಗಿ ಹಿಟ್ಟಿನ ಚೀಲ ಹೊತ್ತು ಹೊರಟಳು. ಚಿಕ್ಕವಳು ಎದ್ದು ಕೂತದ್ದು ಯಾವಾಗ ಎಂದು ನಾನು ಕೇಳಲಿಲ್ಲ, ಹಿಂದೆಯೇ ಹೋದೆ. ಗುಡಿಯ ಪೂಜೆ ಮಾಡುವ ಮುರುಗನೂ ಹಳೆಯ ಟ್ಯಾಪರೇ.

"ಯಾರ ಹೆಸರಲ್ಲಿ ಅಕ್ಕಾ?" ಎಂದು ಮುರುಗ ಕೇಳಿದ.

ಕೊರಿಯಾದ ಹೆಸರನ್ನು ಈ ಮನುಷ್ಯ ಹೇಗೆ ಉಚ್ಚರಿಸಿಯಾನು ಎಂದು ನಾನು ಕಾದೆ.

"ಸೆಲ್ಲಮ್ಮ" ಎಂದಳು ಅಮ್ಮ. ಮುರುಗ ಆ ಹೆಸರು ಹೇಳಿ ದೇವಿಗೆ ಮಂಗಳಾರತಿ ಎತ್ತಿದ. ಮನೆಗೆ ಮರಳುವ ದಾರಿಯಲ್ಲಿ ಅಮ್ಮ ಮುಖ ತಿರುಗಿಸದೆ, "ಕೇಳು" ಎಂದಳು. "ಹರಕೆ ಮುಂಗಡವಾಗಿಯೇ ತೀರಿಸಿದ್ದೇನೆ. ಇನ್ನು ಕೇಳು."

ನನಗೆ ಫೋನಿನಲ್ಲಿ ಲೋಕ ಸುತ್ತಲು ಬರುತ್ತದೆಂಬುದು ಬರೀ ಬಾಯಿಮಾತು. ಕೊನೆಗೆ ದಾರಿ ತೋರಿಸಿದವರು ಹಾಜಿಯವರೇ. ದಮ್ಮಾಮಿನಲ್ಲಿ ಅವರ ಕೋಣೆಯಲ್ಲಿ ಹಟ್ಟನ್ ಕಡೆಯ ಒಬ್ಬನಿದ್ದನಂತೆ. ಈಗಲೂ ಪ್ರತಿ ಪೆರ್ನಾಲ್ ಹಬ್ಬಕ್ಕೆ ವಾಟ್ಸಾಪಿನಲ್ಲಿ ಹೂಗೊಂಚಲು ಕಳಿಸುತ್ತಾನೆ. "ನಾವು ಅಲ್ಲಿ ಒಂದೇ ಕುಕ್ಕರಿನಲ್ಲಿ ಉಂಡವರು ಟೀಚರೇ, ಕೇಳಿದರೆ ಇಲ್ಲ ಅನ್ನುದಿಲ್ಲ" ಎಂದು ಹಾಜಿಯವರು ತೋಟದ ಹೆಸರು, ಪೆರಿಯಮ್ಮನ ಗಂಡನ ಹೆಸರು ಎಲ್ಲ ಹೇಳಿ ಅವನಿಗೆ ಒಂದು ಉದ್ದನೆಯ ವಾಯ್ಸ್ ಮೆಸೇಜು ಕಳಿಸಿದರು. ಒಂದು ವಾರವೂ ಆಗಲಿಲ್ಲ, ಒಂದು ನಂಬರು ಬಂತು. ಪೆರಿಯಮ್ಮನ ಮಗಳು ವಸಂತಿಯದ್ದು.

ನಾನು ಗ್ರಂಥಾಲಯದಿಂದಲೇ ಮೊದಲು ಮಾತಾಡಿದೆ. ಸೆಲ್ಲಮ್ಮ ಪೆರಿಯಮ್ಮ ಬೆಂಕಿಯಲ್ಲಿ ಸಾಯಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಟೀ ಗಿಡಗಳ ಅಡಿಯಲ್ಲಿ ಅಡಗಿ ಉಳಿದಳು. ಮನೆ ಹೋಯಿತು, ಮತ್ತೆ ಕಟ್ಟಿದರು. ಮೊಮ್ಮಕ್ಕಳನ್ನು ಕಂಡಳು. ಎರಡು ವರ್ಷದ ಹಿಂದೆ, ಮುಪ್ಪಿನಲ್ಲಿ, ಮನೆಯಲ್ಲೇ ಹೋದಳು. ಎರಡೇ ವರ್ಷ. ಆ ಹೊತ್ತಿಗೆ ಪುಸ್ತಕ ನನ್ನ ಬಾಗಿಲಿಗೆ ಅಡ್ಡ ಬಿದ್ದಿತ್ತು. ನಾನು ದಪ್ಪ ಪುಸ್ತಕಕ್ಕೆ ಹೆದರದ ಹೆಂಗಸಾಗಿದ್ದರೆ ಎಂದು ಲೆಕ್ಕ ಹಾಕಿ ಈಗ ಫಲವಿಲ್ಲ, ಆದರೆ ಹಾಕದೆ ಇರಲೂ ಆಗುವುದಿಲ್ಲ.

ಅಮ್ಮನಿಗೆ ಸುತ್ತು ಬಳಸದೆ ಹೇಳಿದೆ. ಅವಳು ಅಳಲಿಲ್ಲ. ಬೆಂಕಿಯಲ್ಲಿ ಅಲ್ಲ ತಾನೇ ಎಂದು ಎರಡು ಸಲ ಕೇಳಿದಳು. ವಸಂತಿಯ ಹತ್ತಿರ ಮಾತಾಡ್ತೀಯಾ ಎಂದಾಗ ಸೆರಗು ಸರಿ ಮಾಡಿಕೊಂಡು ಕುಳಿತಳು. ವಿಡಿಯೋ ಬೇಡವೆಂದಳು, ಬರೀ ಸ್ವರ ಸಾಕು. ಫೋನನ್ನು ಮೇಜಿನ ಮೇಲಿಟ್ಟು ದೊಡ್ಡದಾಗಿ ಕೇಳುವ ಹಾಗೆ ಮಾಡಿದೆ.

ಅಮ್ಮ "ಯಾರು, ವಸಂತಿಯಾ?" ಎಂದಳು, ಅಷ್ಟೇ. ಆ ಕಡೆಯಿಂದ ವಸಂತಿ, "ಚಿತ್ತಿ, ನಿಮ್ಮ ಸ್ವರ ಅಮ್ಮನದ್ದೇ. ಸ್ವಲ್ಪ ಹೊತ್ತು ಮಾತಾಡ್ತಾ ಇರಿ, ಎಂತಾದರೂ ಮಾತಾಡಿ" ಎಂದಳು. ತಾಯಿಯ ತಂಗಿಯನ್ನು ನಮ್ಮಲ್ಲಿ ಚಿತ್ತಿ ಎನ್ನುತ್ತಾರೆ. ಆ ಮಾತಿನಿಂದ ಅಮ್ಮನನ್ನು ಯಾರೂ ಈವರೆಗೆ ಕರೆದಿರಲಿಲ್ಲ.

ಅಮ್ಮ ಮಾತಾಡಿದಳು. ಮಳೆ ಉಂಟಾ, ಇವತ್ತು ಎಂತ ಅಡುಗೆ, ಮಕ್ಕಳು ಎಷ್ಟನೇ ಕ್ಲಾಸು. ಕೊನೆಗೆ ಕೇಳಿಯೇಬಿಟ್ಟಳು.

"ಅಕ್ಕನಿಗೆ ನನ್ನ ಮೇಲೆ ಸಿಟ್ಟಿತ್ತಾ?"

"ಸಿಟ್ಟು ಎಂಥದ್ದು ಚಿತ್ತಿ? ತಂಗಿಗೆ ಅಲ್ಲಿ ತುಂಬಾ ಕಷ್ಟ, ಕಾಡಲ್ಲಿದ್ದಾಳೆ, ಜಿಗಣೆ ತುಂಬಿದೆ, ಕಾಗದ ಹಾಕಲಿಕ್ಕೂ ಗತಿ ಇರಲಿಕ್ಕಿಲ್ಲ ಅಂತ ಸಾಯುವವರೆಗೂ ಮರುಗ್ತಿದ್ರು. ನನ್ನ ಮಗ ಓದಲಿಕ್ಕೆ ಇಂಡಿಯಾಕ್ಕೆ ಹೋಗ್ತೇನೆ ಅಂದಾಗ, ಬೇಡಪ್ಪ, ಅಲ್ಲಿ ನನ್ನ ತಂಗಿ ಪಡುವ ಪಾಡು ಸಾಕು ಅಂದ್ರು" ಎಂದು ವಸಂತಿ ನಕ್ಕಳು. ಮತ್ತೆ ನಗು ನಿಲ್ಲಿಸಿ, "ಒಂದು ಮಾತು ಮಾತ್ರ ಹೇಳ್ತಿದ್ರು. ನಾನೇನು ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಡ್ತಿದ್ದೆನಾ? ಆದರೂ ಪಾಕ್ಯ ಒಂದು ಸಲ ಬಾ ಅನ್ನಬಹುದಿತ್ತು ಅಂತ."

ನಮ್ಮ ಜನರಲ್ಲಿ ಬಾ ಎನ್ನುವುದಕ್ಕೆ ಖರ್ಚಿಲ್ಲ. ಸಂತೆಯಲ್ಲಿ ಎದುರಾದವರಿಗೂ ಮನೆಗೆ ಬನ್ನಿ ಎನ್ನುತ್ತೇವೆ. ಅವರು ಬರುತ್ತೇವೆ ಎನ್ನುತ್ತಾರೆ, ಯಾರೂ ಬರುವುದಿಲ್ಲ, ಯಾರಿಗೂ ಬೇಸರವಿಲ್ಲ. ಹಳೆಯ ಲೈನ್ ಮನೆಯಲ್ಲಿ ಮಲಗಲು ಜಾಗವಿಲ್ಲದವರೂ ಹಾಗೆ ಹೇಳುತ್ತಿದ್ದರು. ಇಡೀ ಕಾಲೊನಿಯಲ್ಲಿ ಆ ಮಾತನ್ನು ನಿಜವೆಂದು ತಿಳಿದು, ತೂಗಿ ನೋಡಿ, ಅಕ್ಕ ಕಷ್ಟಪಡಬಾರದೆಂದು ಬರಬೇಡ ಎಂದು ಬರೆಸಿದವಳು ನನ್ನ ಅಮ್ಮ ಒಬ್ಬಳೇ. ಅವಳ ಪ್ರೀತಿ ಅಷ್ಟು ಪ್ರಾಮಾಣಿಕವಾಗಿ ಇರಬೇಕಾಗಿರಲಿಲ್ಲ ಎಂದು ನನಗೆ ಅನಿಸಿತು.

ಅಮ್ಮ ಫೋನಿನ ಹತ್ತಿರಕ್ಕೆ ಬಾಗಿದಳು.

"ಮಗಳೇ, ನೀನು ಬಾ" ಎಂದಳು. "ಇಲ್ಲಿಗೆ ಬಾ. ಮಕ್ಕಳನ್ನೂ ಕರ್ಕೊಂಡು ಬಾ. ಈಗ ಇಲ್ಲಿ ಡಾಮರು ರಸ್ತೆ ಉಂಟು, ಕರೆಂಟು ಉಂಟು, ಜಿಗಣೆ ಮೊದಲಿನ ಹಾಗೆ ಇಲ್ಲ. ಎಷ್ಟು ದಿನ ಬೇಕಾದರೂ ಇರಿ. ಬಾ."

"ಬರ್ತೇನೆ ಚಿತ್ತಿ, ಖಂಡಿತಾ ಬರ್ತೇನೆ" ಎಂದಳು ವಸಂತಿ. ಅವಳ ಹಿಂದೆ ಯಾರೋ ಮಗು ಸಿಂಹಳದಲ್ಲಿ ಏನೋ ಕೇಳುತ್ತಿತ್ತು. ಮತ್ತೆ ಮಾತಾಡುವ ಎಂದು ಫೋನು ಇಟ್ಟಳು.

ಅಮ್ಮ ಕಪ್ಪಾದ ಪರದೆಯನ್ನು ನೋಡಿದಳು.

"ಅವಳು ಬರುದಿಲ್ಲ ಅಲ್ವಾ?" ಎಂದಳು.

"ಇಲ್ಲಮ್ಮ" ಎಂದೆ.

"ಗೊತ್ತುಂಟು. ಅಕ್ಕನೂ ಬರ್ತಿರಲಿಲ್ಲ" ಎಂದಳು. "ನಾನು ಬಾ ಅಂತ ಹೇಳಬಹುದಿತ್ತು."